ಚಿಟ್ಟೆಯ ಎಡಪಕ್ಕ

ಅಕ್ಕ ಹಿತ್ತಿಲ ಬಾಗಿಲು ತೆರೆಯುವ ಚಂದವನ್ನು ನೋಡಿಯೇ ತಿಳಿಯಬೇಕು. ಚಿಲಕಕ್ಕೂ ಕೀಲುಗಳಿಗೂ ಮೊದಲೇ ಎಣ್ಣೆ ಹಾಕಿಟ್ಟಿರುತ್ತಿದ್ದಳು. ಬೆಳಕು ಹರಿಯುವ ಹೊತ್ತಿಗೆ ಎದ್ದು, ಬರಿಗಾಲಲ್ಲಿ ಅಡುಗೆಮನೆ ದಾಟಿ, ಉಸಿರು ಬಿಗಿಹಿಡಿದು ಚಿಲಕ ಸರಿಸುತ್ತಿದ್ದಳು. ಮೊದಲು ಒಂದು ಕಣ್ಣು ಹೊರಗೆ ಬರುತ್ತಿತ್ತು, ಆಮೇಲೆ ಮೂಗು, ಆಮೇಲೆ ಕೈಯಲ್ಲಿದ್ದ ದೊಣ್ಣೆ, ಕೊನೆಗೆ ಉಳಿದ ಅಕ್ಕ. ಇಷ್ಟೆಲ್ಲ ಸರ್ಕಸ್ಸು ಯಾಕೆಂದರೆ ಅವಳ ಕೋಳಿಗಳು ಒಂದೊಂದಾಗಿ ಮಾಯವಾಗುತ್ತಿದ್ದವು, ಕಳ್ಳನನ್ನು ತಾನೇ ಹಿಡಿಯಬೇಕೆಂದು ಅವಳು ಹಟ ತೊಟ್ಟಿದ್ದಳು.

ಕಳ್ಳ ಯಾರೆಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಪಕ್ಕದ ಮನೆಯ ಟೈಲರ್. ನಡುವಿನ ಗೋಡೆಯ ಮೇಲೆ ಒಂದು ದಿನ ಕೋಳಿಪುಕ್ಕ ಸಿಕ್ಕಿತ್ತು, ಅದಕ್ಕಿಂತ ಸಾಕ್ಷಿ ಇನ್ನೇನು ಬೇಕು? ಟೈಲರನಿಗೂ ಅಕ್ಕನ ಮೇಲೆ ಗುಮಾನಿ. ಅವನ ನಾಯಿ ಕಾಣೆಯಾಗಿತ್ತು. ಅಕ್ಕನೇ ವಿಷ ಹಾಕಿದ್ದಾಳೆಂದು ಬಟ್ಟೆ ಹೊಲಿಸಲು ಬಂದವರಿಗೆಲ್ಲ ಅಳತೆ ತೆಗೆಯುತ್ತಲೇ ಹೇಳುತ್ತಿದ್ದ. ಇಬ್ಬರೂ ಮಾತು ಬಿಟ್ಟಿದ್ದರು. ಗೋಡೆಗೆ ಹೇಳುವ ಹಾಗೆ ಒಬ್ಬರನ್ನೊಬ್ಬರು ಬೈದುಕೊಳ್ಳುವುದನ್ನು ಮಾತ್ರ ಬಿಟ್ಟಿರಲಿಲ್ಲ.

ಅನುಮಾನ ಅಕ್ಕನ ಹುಟ್ಟುಗುಣ. ಹಾಲಿನವನು ನಕ್ಕರೆ ಹಾಲಿಗೆ ನೀರು ಬಿದ್ದಿದೆ ಎಂದು ತಿಳಿಯುವವಳು. ನಗದಿದ್ದರೆ ಹೆಚ್ಚೇ ಬಿದ್ದಿದೆ ಎಂದುಕೊಳ್ಳುವವಳು. ಲೋಕದಲ್ಲಿ ಅವಳು ಅನುಮಾನಿಸದ ಜೀವವೆಂದರೆ ಒಂದೇ ಒಂದು, ಅವಳ ತಮ್ಮ. ತಾಯಿ ತೀರಿಕೊಂಡಾಗ ಅವನಿನ್ನೂ ತೊಟ್ಟಿಲಲ್ಲಿದ್ದ. ಸೊಂಟದ ಮೇಲೆ ಹೊತ್ತು ತಿರುಗಿ, ತುತ್ತಿಟ್ಟು, ಜ್ವರ ಬಂದಾಗ ಹಣೆಗೆ ಬಟ್ಟೆ ಹಾಕಿ ಬೆಳೆಸಿದವಳು ಅವಳೇ. ತನ್ನ ಮದುವೆಯ ಮಾತು ಬಂದಾಗಲೆಲ್ಲ ವರನ ಕಡೆಯವರ ಮೇಲೆ ಏನಾದರೊಂದು ಅನುಮಾನ ತೆಗೆದು ವಾಪಸು ಕಳಿಸಿದಳು. ಈಗ ತಮ್ಮನಿಗೆ ಹೆಂಡತಿಯಿದ್ದಾಳೆ, ಪುಟ್ಟ ಮಗಳಿದ್ದಾಳೆ, ಊರಿನ ಆ ತುದಿಯಲ್ಲಿ ಮನೆಯಿದೆ. ಆದರೂ ಅಕ್ಕನ ಕಣ್ಣಿಗೆ ಅವನು ಇನ್ನೂ ಜ್ವರ ಬಂದ ಹುಡುಗನೇ.

ಇಬ್ಬರಿಗೂ ಒಂದೇ ಕಡೆ ಕೆಲಸ. ಊರು ಮುಗಿದು ಕಾಡು ಶುರುವಾಗುವ ಕಡೆ ಇರುವ ಅರಣ್ಯ ಕಚೇರಿ. ತಮ್ಮ ಕಾಡಿನ ದಾರಿಗಳಲ್ಲಿ ಮರಗಳಿಗೆ ಕ್ಯಾಮೆರಾ ಕಟ್ಟಿ ಬರುತ್ತಾನೆ. ಮುಂದೆ ಏನೇ ಹಾದುಹೋದರೂ ಅದು ತನ್ನಷ್ಟಕ್ಕೆ ಚಿತ್ರ ಹಿಡಿಯುತ್ತದೆ. ಅಕ್ಕ ಕಚೇರಿಯ ಹಿಂದಿನ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕುಳಿತು ಆ ಚಿತ್ರಗಳಲ್ಲಿರುವ ಚಿರತೆಗಳನ್ನು ಗುರುತಿಸುತ್ತಾಳೆ. ಚಿರತೆಯ ಮೈಮೇಲಿನ ಮಚ್ಚೆ ಒಂದರದು ಇನ್ನೊಂದಕ್ಕೆ ಇರುವುದಿಲ್ಲ. ಕಿವಿಯ ಕೆಳಗೊಂದು ಉಂಗುರ, ತೊಡೆಯ ಮೇಲೊಂದು ಕೊಕ್ಕೆ, ಹೀಗೆ ಏನಾದರೊಂದು ಹಿಡಿದುಕೊಂಡು ಅಕ್ಕ ಹೆಸರು ಹೇಳಿಬಿಡುತ್ತಿದ್ದಳು. ಎದುರಿಗೆ ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು, ಬೆನ್ನ ಹಿಂದೆ ಪತ್ತೇದಾರಮ್ಮ. ಅದು ಅವಳಿಗೆ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ಈ ಕೆಲಸದಲ್ಲಿ ಒಂದು ತೊಡಕಿದೆ. ಚಿರತೆಯ ಎಡಪಕ್ಕದ ಮಚ್ಚೆಗೂ ಬಲಪಕ್ಕದ ಮಚ್ಚೆಗೂ ಸಂಬಂಧವೇ ಇಲ್ಲ. ಎಡಪಕ್ಕ ನೋಡಿ ಬಲಪಕ್ಕ ಹೇಳಲು ಬ್ರಹ್ಮನಿಗೂ ಆಗುವುದಿಲ್ಲ. ಅದಕ್ಕೇ ದಾರಿಯ ಆಚೆಗೊಂದು ಈಚೆಗೊಂದು, ಎದುರುಬದುರಾಗಿ ಎರಡು ಕ್ಯಾಮೆರಾ ಕಟ್ಟುತ್ತಾರೆ. ಚಿರತೆ ನಡುವೆ ಹಾದಾಗ ಒಂದೇ ಗಳಿಗೆಯಲ್ಲಿ ಎರಡೂ ಪಕ್ಕ ಸಿಗುತ್ತವೆ. ಆ ಎರಡು ಕ್ಯಾಮೆರಾಗಳ ಮೆಮೊರಿ ಕಾರ್ಡುಗಳನ್ನು ಒಂದೇ ಲಕೋಟೆಯಲ್ಲಿ ಹಾಕಿ ತರಬೇಕು. ಒಂದೇ ಲಕೋಟೆ, ಒಂದೇ ಹೊತ್ತು ಎಂದರೆ ಒಂದೇ ಚಿರತೆ ಎಂದು ಕಚೇರಿಯ ಲೆಕ್ಕ. ಅದರ ಮೇಲೆ ಯಾರೂ ಮಾತೆತ್ತುವುದಿಲ್ಲ.

ಅಕ್ಕನ ಅಚ್ಚುಮೆಚ್ಚಿನ ಚಿರತೆಯ ಹೆಸರು ಚಿಟ್ಟೆ. ಬಲ ಭುಜದ ಮೇಲೆ ರೆಕ್ಕೆ ಬಿಚ್ಚಿದ ಚಿಟ್ಟೆಯಂಥ ಮಚ್ಚೆಯಿದ್ದ ಹೆಣ್ಣು. ಎದುರಿನ ಕ್ಯಾಮೆರಾ ಪ್ರತಿ ಸಲವೂ ಕೈಕೊಟ್ಟು, ತುಂಬ ದಿನ ಅವಳ ಬಲಪಕ್ಕವೊಂದೇ ಸಿಕ್ಕಿತ್ತು. ಆಲ್ಬಮ್ಮಿನಲ್ಲಿ ಎಡಪಕ್ಕದ ಜಾಗ ಖಾಲಿ, ಅದನ್ನು ನೋಡಿದಾಗಲೆಲ್ಲ ಅಕ್ಕನಿಗೆ ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿಕೊಂಡಂತೆ. ಹೋದ ಮಳೆಗಾಲದಲ್ಲಿ ತಮ್ಮ ತಂದ ಒಂದು ಲಕೋಟೆಯಲ್ಲಿ ಎರಡೂ ಪಕ್ಕ ಸಿಕ್ಕವು. ಎಡ ಭುಜದ ಮೇಲೆ ಮುರಿದ ಉಂಗುರದಂಥ ಗುರುತು. ಅಕ್ಕ ಆವತ್ತು ಖುಷಿಯಿಂದ ಕಚೇರಿಗೆಲ್ಲ ಚಹಾ ತರಿಸಿದ್ದಳು. ಆಮೇಲೆ ಚಿಟ್ಟೆಗೆ ಮರಿಗಳಾದವು. ಮರಿ ಹಾಕಿದ ಚಿರತೆ ದಾರಿಯ ಮೇಲೆ ಕಾಣಿಸಿಕೊಳ್ಳುವುದೇ ಅಪರೂಪ. ಮರಿಗಳನ್ನು ಬಂಡೆಯ ಸಂದಿಯಲ್ಲಿ ಬಚ್ಚಿಟ್ಟು, ಅಲ್ಲಿ ಒಂದಿಷ್ಟು ವಾಸನೆ ಬದಲಾದರೂ ನಂಬದೆ, ಕತ್ತು ಕಚ್ಚಿ ಎತ್ತಿಕೊಂಡು ಇನ್ನೊಂದು ಸಂದಿಗೆ ಹೋಗುತ್ತದೆ. ಹಾಗೆ ಮರಿ ಕಚ್ಚಿಕೊಂಡು ಹಳ್ಳ ದಾಟುವ ಚಿಟ್ಟೆಯ ಒಂದು ಚಿತ್ರವನ್ನು ಅಕ್ಕ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದಳು. ಯಾರನ್ನೂ ನಂಬದ ಹೆಣ್ಣೆಂದು ಅದರ ಮೇಲೆ ಅವಳಿಗೆ ವಿಶೇಷ ಅಕ್ಕರೆ.

ಹೀಗಿರುವಾಗ ಇಟ್ಟಿಗೆ ಗೂಡಿನ ಗಲಾಟೆ ಬಂತು.

ಗೂಡಿನ ಪಕ್ಕದ ಕೊಟ್ಟಿಗೆಯಿಂದ ಚಿರತೆಯೊಂದು ಕರು ಎಳೆದೊಯ್ಯುತ್ತಿತ್ತು. ಕಾವಲುಗಾರ ಎದ್ದು ಬಂದವನು ಸುಮ್ಮನೆ ಕೂಗಿದ್ದರೆ ಅದು ಓಡಿಹೋಗುತ್ತಿತ್ತೋ ಏನೋ. ಅವನು ಕರುವಿನ ಹಿಂಗಾಲು ಹಿಡಿದು ತನ್ನ ಕಡೆಗೆ ಎಳೆದ. ಹಿಡಿದ ಬೇಟೆಯನ್ನು ಬಿಟ್ಟುಕೊಡುವ ಜಾತಿಯಲ್ಲ ಅದು. ತೋಳಿಗೆ ಒಂದು ಏಟು ಕೊಟ್ಟು ಹೋಯಿತು. ಕಾವಲುಗಾರ ಬದುಕಿಕೊಂಡ, ಆದರೆ ಗೂಡಿನವರೆಲ್ಲ ಕಚೇರಿಯ ಮುಂದೆ ಬಂದು ಕೂತರು. ಆ ಚಿರತೆಯನ್ನು ಹಿಡಿದು ಮೃಗಾಲಯಕ್ಕೆ ಕಳಿಸಬೇಕೆಂದು ಮೇಲಿನಿಂದ ಆಜ್ಞೆ ಬಂತು. ಕೊಟ್ಟಿಗೆಯ ಹತ್ತಿರ ಕಟ್ಟಿದ್ದ ಕ್ಯಾಮೆರಾ ಒಂದೇ ಒಂದು ಚಿತ್ರ ಹಿಡಿದಿತ್ತು. ಎಡಪಕ್ಕ. ಭುಜದ ಮೇಲೆ ಮುರಿದ ಉಂಗುರ.

ಸಾಹೇಬರು ಚಿತ್ರ ಹಿಡಿದುಕೊಂಡು ಅಕ್ಕನ ಕೋಣೆಗೇ ಬಂದರು. ಮೆತ್ತಗಿನ ಮನುಷ್ಯ, ಕುರ್ಚಿ ಎಳೆಯುವಾಗಲೂ ಸದ್ದು ಮಾಡುವವರಲ್ಲ.

“ಅಕ್ಕಾ, ಇದು ಯಾರು ಹೇಳಿ.”

ಅಕ್ಕನಿಗೆ ಆಲ್ಬಮ್ ತೆರೆಯುವ ಅಗತ್ಯವೇ ಇರಲಿಲ್ಲ. ಆದರೂ ತೆರೆದಳು, ಮಚ್ಚೆಯ ಮೇಲೆ ಮಚ್ಚೆಯಿಟ್ಟು ನೋಡಿದಳು. ಸುಳ್ಳು ಹೇಳುವ ಅಭ್ಯಾಸ ಅವಳಿಗಿರಲಿಲ್ಲ.

“ಚಿಟ್ಟೆ ಸರ್.”

“ಮರಿ ಇರೋದಾ?” ಸಾಹೇಬರ ಮುಖ ಚಿಕ್ಕದಾಯಿತು. “ಏನು ಮಾಡೋದು. ಆರ್ಡರ್ ಬಂದಿದೆ. ಇವತ್ತು ಸಂಜೆ ಹಳ್ಳದ ದಂಡೆ ಮೇಲೆ ಬೋನು ಇಡ್ತೀವಿ. ಅವಳು ಅಲ್ಲೇ ತಾನೇ ಓಡಾಡೋದು?”

“ಹೂಂ ಸರ್.”

“ಮರಿಗಳು ಸಿಕ್ಕಿದ್ರೆ ಅವನ್ನೂ ತರಬೇಕಾಗುತ್ತೆ. ಸಿಗದಿದ್ರೆ...” ಎಂದವರು ಮಾತು ಅರ್ಧಕ್ಕೇ ಬಿಟ್ಟು ಎದ್ದುಹೋದರು.

ಸಿಗದಿದ್ದರೆ ಏನಾಗುತ್ತದೆ ಎಂದು ಅಕ್ಕನಿಗೆ ಯಾರೂ ಹೇಳಬೇಕಾಗಿರಲಿಲ್ಲ. ತಾಯಿ ಬರುವವರೆಗೂ ಅಲುಗಾಡದೆ ಕೂರುವುದನ್ನು ಮಾತ್ರ ಕಲಿತ ಮರಿಗಳು ಬಂಡೆಯ ಸಂದಿಯಲ್ಲಿ ಕೂತೇ ಇರುತ್ತವೆ.

ಅವಳು ಚಿಟ್ಟೆಯ ಪುಟವನ್ನು ಹಾಗೇ ನೋಡುತ್ತ ಕುಳಿತಳು. ನಂಬಲಾಗುತ್ತಿರಲಿಲ್ಲ. ಮರಿಗಳ ತಾಯಿ ಹಳ್ಳದ ಆಚೆ ಇರುವವಳು, ಊರ ಪೂರ್ತಿ ಈಚೆ ತುದಿಯ ಗೂಡಿನವರೆಗೆ ಅಷ್ಟು ದೂರ ಮರಿ ಬಿಟ್ಟು ಬರುತ್ತಾಳೆಯೇ? ಬಂದರೂ ದೀಪವಿರುವ, ಜನರಿರುವ ಕೊಟ್ಟಿಗೆಗೆ? ಪ್ರೀತಿಯಿಂದ ಹೀಗೆ ಅನ್ನಿಸುತ್ತಿದೆ ಎಂದು ತನ್ನ ಮೇಲೆಯೇ ಅನುಮಾನ ಬಂತು. ಅನುಮಾನ ಬಂದಮೇಲೆ ಬಿಡುವವಳಲ್ಲ. ಚಿತ್ರಗಳನ್ನು ದೊಡ್ಡದು ಮಾಡಿ, ಮಚ್ಚೆ ಬಿಟ್ಟು ಉಳಿದದ್ದನ್ನೆಲ್ಲ ನೋಡತೊಡಗಿದಳು. ಮರ, ಕಲ್ಲು, ನೆಲ.

ನೆಲ ನೋಡಿದವಳು ಅಲ್ಲೇ ನಿಂತಳು. ಎಡಪಕ್ಕದ ಚಿತ್ರದಲ್ಲಿ ಚಿರತೆಯ ಪಾದ ಕೆಸರಿನಲ್ಲಿ ಹೂತಿತ್ತು. ಬಲಪಕ್ಕದ ಚಿತ್ರದಲ್ಲಿ ಅದೇ ಪಾದದ ಹಿಂದೆ ಧೂಳು ಎದ್ದಿತ್ತು. ಎರಡರ ಕೆಳಗೂ ಒಂದೇ ತಾರೀಖು, ಒಂದೇ ಹೊತ್ತು. ಒಂದೇ ದಾರಿಯ ಆ ಕಡೆ ಮಳೆ, ಈ ಕಡೆ ಬೇಸಿಗೆ!

ಇನ್ನೂ ನೋಡಿದಳು. ಎಡಪಕ್ಕದ್ದರ ಕುತ್ತಿಗೆ ದಪ್ಪ, ಗಂಟಲ ಕೆಳಗೆ ಚರ್ಮ ಜೋತಿತ್ತು. ಗಂಡು. ಇಷ್ಟು ದಿನ ಇದು ಯಾಕೆ ಕಾಣಲಿಲ್ಲ? ಕಾಣಲಿಲ್ಲ ಯಾಕೆಂದರೆ ಲಕೋಟೆ ತಂದವನು ತಮ್ಮ. ಬೇರೆ ಯಾರು ತಂದಿದ್ದರೂ ಮೊದಲು ನೆಲ ನೋಡುತ್ತಿದ್ದಳು, ಆಕಾಶ ನೋಡುತ್ತಿದ್ದಳು, ತಂದವನ ಮುಖವನ್ನೂ ನೋಡುತ್ತಿದ್ದಳು. ತಮ್ಮ ತಂದದ್ದನ್ನು ಕಣ್ಣು ಮುಚ್ಚಿ ತೆಗೆದುಕೊಂಡಿದ್ದಳು.

ಯಾವುದೋ ಹಳೆಯ ಚಿತ್ರದ ಹೊತ್ತು ತಿದ್ದಿ ಲಕೋಟೆಗೆ ತುಂಬಿದ್ದಾನೆ. ಯಾಕೆ? ಒಂದು ಕ್ಯಾಮೆರಾ ಅಲ್ಲಿರಲೇ ಇಲ್ಲವೇ? ಮಾರಿಬಿಟ್ಟನೇ? ಬೇಟೆಯವರ ಕೈಗೆ ಕೊಟ್ಟನೇ? ಒಂದು ಅನುಮಾನಕ್ಕೆ ದಾರಿ ಬಿಟ್ಟಿದ್ದೇ ತಡ, ಉಳಿದವೆಲ್ಲ ನುಗ್ಗಿಬಂದವು. ಇತ್ತೀಚೆಗೆ ಅವನು ಆಗಾಗ ಅವಳ ಮನೆಗೆ ಬಂದು ಬಚ್ಚಲಮನೆಯ ಮಾಳಿಗೆ ಹತ್ತುತ್ತಿದ್ದ. ಕೇಳಿದರೆ ಪೈಪ್ ಸೋರುತ್ತಿದೆ ಎನ್ನುತ್ತಿದ್ದ. ಪೈಪ್ ಸೋರಿದ್ದನ್ನು ಅವಳಂತೂ ಕಂಡಿರಲಿಲ್ಲ. ಅಯ್ಯೋ, ಕೋಳಿಗಳು! ಕೋಳಿ ಹೋಗಲು ಶುರುವಾದದ್ದೂ ಆ ಮಳೆಗಾಲದಲ್ಲೇ ಅಲ್ಲವೇ?

ಅವತ್ತು ತಮ್ಮನಿಗೆ ರಜೆ. ಅಕ್ಕ ಊಟದ ಹೊತ್ತಿಗೆ ಮನೆಗೆ ಬಂದಳು. ಗೇಟಿನ ಬಳಿ ಅವನ ಸೈಕಲ್ ನಿಂತಿತ್ತು. ಹಿತ್ತಿಲಿಗೆ ಸುತ್ತಿಬಂದು ನೋಡಿದರೆ ಮಾಳಿಗೆಗೆ ಏಣಿ ಒರಗಿದೆ, ಮೇಲೆ ತಮ್ಮನ ಕಾಲು ಕಾಣುತ್ತಿದೆ. ಅಕ್ಕ ತುಟಿ ಪಿಟಕ್ಕೆನ್ನದೆ ಹೋಗಿ ಏಣಿ ತೆಗೆದು ನೆಲಕ್ಕೆ ಮಲಗಿಸಿದಳು. ಆಮೇಲೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು ಕೇಳಿದಳು.

“ಪೈಪ್ ಹೇಗಿದೆ?”

ತಮ್ಮ ಬೆಚ್ಚಿ ತಿರುಗಿದ. “ಅಕ್ಕಾ! ನೀನ್ಯಾವಾಗ ಬಂದೆ? ಪೈಪಾ... ಸ್ವಲ್ಪ ಸೋರ್ತಿದೆ. ಏಣಿ ಎಲ್ಲಿ?”

“ಏಣಿ ಇಲ್ಲೇ ಇದೆ. ನಿಜ ಹೇಳಿದ್ರೆ ಎದ್ದು ನಿಲ್ಲುತ್ತೆ. ಕರು ಎಳೆದಿದ್ದು ಚಿಟ್ಟೆ ಅಂತ ಸಂಜೆ ಬೋನು ಇಡ್ತಾರೆ. ಹೋದ ಮಳೆಗಾಲದ ಲಕೋಟೆ, ಅವಳದ್ದು. ಎಡಗಡೆ ಕೆಸರು, ಬಲಗಡೆ ಧೂಳು. ಎರಡನೇ ಕ್ಯಾಮೆರಾ ಎಲ್ಲಿತ್ತೋ?”

ತಮ್ಮನ ಮುಖ ಬಿಳುಚಿಕೊಂಡಿತು. ಗೋಡೆಯಾಚೆ ಹೊಲಿಗೆ ಯಂತ್ರದ ಸದ್ದು ನಿಂತಿತು. ಟೈಲರನ ಕಿವಿ ನಿಮಿರಿದ್ದು ಅಕ್ಕನಿಗೆ ಕಾಣದೆಯೇ ಕಂಡಿತು. ದನಿ ತಗ್ಗಿಸಿದಳು.

“ಮಾರಿದೆಯಾ?”

“ಥೂ! ಏನಕ್ಕಾ ನೀನು.”

“ಯಾರಿಗಾದ್ರೂ ಕೊಟ್ಟೆಯಾ? ನನ್ನ ಕೋಳಿ ಏನು ಮಾಡಿದೆ?”

“ಕೋಳಿನಾ? ನಾನಾ?” ಅವನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ನೀರಿನ ತೊಟ್ಟಿಯ ಪಕ್ಕದ ಹಳೇ ಬಣ್ಣದ ಡಬ್ಬಿಗಳ ರಾಶಿಯೊಳಗೆ ಕೈಹಾಕಿ ಒಂದು ಡಬ್ಬಿ ಹೊರತೆಗೆದ. ಅದರ ಹೊಟ್ಟೆಯಲ್ಲಿ ದುಂಡಗಿನ ತೂತು, ತೂತಿನೊಳಗೆ ಕಚೇರಿಯ ಕ್ಯಾಮೆರಾ. “ಇಲ್ಲಿತ್ತು. ಎಲ್ಲಿಗೂ ಹೋಗಿಲ್ಲ. ಆವತ್ತಿಂದ ಇಲ್ಲೇ ಇದೆ.”

ಅಕ್ಕ ಕಕ್ಕಾಬಿಕ್ಕಿಯಾದಳು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹಿತ್ತಿಲು ಕಾದವಳು ತಲೆಯೆತ್ತಿ ತನ್ನದೇ ಮಾಳಿಗೆಯನ್ನು ನೋಡಿರಲಿಲ್ಲ. “ನನ್ನನ್ನ ಕಾಯ್ತಿದ್ದೆಯಾ? ಯಾಕೆ? ನಾನೇನು ಕಳ್ಳಿಯಾ?”

“ಮೊದಲು ಏಣಿ ಇಡು. ಇಳಿದು ಹೇಳ್ತೀನಿ.”

“ಹೇಳು, ಆಮೇಲೆ ಇಳಿ.”

ಮಾಳಿಗೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತು ತಮ್ಮ ಹೇಳಿದ. ಮಳೆ ಶುರುವಾದ ಹೊಸತರಲ್ಲಿ ಒಂದು ಬೆಳಿಗ್ಗೆ ಅವನು ಇಲ್ಲಿಗೆ ಬಂದಿದ್ದ. ಒಗೆಯುವ ಕಲ್ಲಿನ ಹತ್ತಿರ ಕೆಸರಿನಲ್ಲಿ ಅಕ್ಕನ ಬರಿಗಾಲಿನ ಗುರುತು ಮೂಡಿತ್ತು. ಅದರ ಮೇಲೆ ಹಸಿಹಸಿಯಾಗಿ ಚಿರತೆಯ ಹೆಜ್ಜೆ. ಅವಳು ಹಾದುಹೋದ ಮೇಲೆ, ಅವಳ ಹಿಂದೆಯೇ ಅದು ನಡೆದಿತ್ತು. “ನಂಗೆ ಕೈಕಾಲೇ ಆಡಲಿಲ್ಲ ಅಕ್ಕ. ಆಫೀಸಿಗೆ ಹೇಳಿದ್ರೆ ಬೋನು ತಂದಿಡ್ತಾರೆ. ಏನೂ ಮಾಡದೇ ಇರೋ ಪ್ರಾಣಿ. ಹೇಳದಿದ್ರೆ ನಿಂಗೇನಾದ್ರೂ ಆದ್ರೆ? ಅದಕ್ಕೇ ನಾಲ್ಕು ದಿನ ಕ್ಯಾಮೆರಾ ಇಟ್ಟು ನೋಡೋಣ ಅಂದ್ಕೊಂಡೆ. ಆಮೇಲೆ ತೆಗೆಯೋಕೆ ಧೈರ್ಯ ಬರಲಿಲ್ಲ.”

“ನಂಗೆ ಹೇಳೋಕೇನಾಗಿತ್ತು ನಿಂಗೆ?”

“ಹೇಳಿದ್ರೆ ನೀನು ಏನು ಮಾಡ್ತಿದ್ದೆ ಹೇಳು. ದೊಣ್ಣೆ ತಗೊಂಡು ಪೊದೆಯೊಳಗೇ ನುಗ್ತಿದ್ದೆ. ಆಮೇಲೆ ಆಫೀಸಿನ ಕ್ಯಾಮೆರಾ ಮನೆಗ್ಯಾಕೆ ತಂದೆ ಅಂತ ನೀನೇ ನನ್ನ ಮೇಲೆ ಕಂಪ್ಲೇಂಟ್ ಬರೀತಿದ್ದೆ. ಬ್ಯಾಟರಿ ಮನೆಗೆ ತಗೊಂಡು ಹೋದ ಅಂತ ನಮ್ಮ ಆಫೀಸ್ ಡ್ರೈವರ್ ಕೆಲಸ ಕಳೆದಿದ್ದು ಯಾರು? ನೀನೇ ತಾನೇ?”

ಅದೂ ನಿಜವೇ.

“ಆವತ್ತು ಆ ದಾರೀಲಿ ಗಂಡು ಎಡಗಡೆ ಕ್ಯಾಮೆರಾಕ್ಕೆ ಬಿತ್ತು. ಬಲಗಡೆ ಕಾರ್ಡು ಖಾಲಿ ಕೊಟ್ರೆ ನೀನು ಬಿಡ್ತೀಯಾ? ಖಾಲಿ ಯಾಕೆ, ಎತ್ತ ಅಂತ ಜೀವ ತಿಂತಿದ್ದೆ. ಅದೇ ದಾರೀಲಿ ಹಿಂದೆ ಯಾವಾಗಲೋ ಹಾದುಹೋಗಿದ್ದ ಚಿಟ್ಟೆದೊಂದು ನಿಂಗೆ ಕೊಡದೇ ಉಳಿದಿದ್ದ ಫೋಟೋ ಇತ್ತು, ಹೊತ್ತು ತಿದ್ದಿ ಹಾಕಿಬಿಟ್ಟೆ. ನೀನು ಎರಡನ್ನೂ ಸೇರಿಸಿ ಚಹಾ ತರಿಸಿದಾಗ ಬಾಯಿ ಕಟ್ಟಿಹೋಯ್ತು. ಆಮೇಲೆ ಆ ದಾರೀಲಿ ಯಾವ ಚಿರತೆಯೂ ಹಾಯಲಿಲ್ಲ, ಯಾರೂ ಕೇಳಲಿಲ್ಲ. ಇಂಥದ್ದಾಗುತ್ತೆ ಅಂತ ನನಗೇನು ಗೊತ್ತು ಅಕ್ಕ?”

ಅಕ್ಕ ಎದ್ದು ಏಣಿ ನಿಲ್ಲಿಸಿದಳು. ಅವನು ಇಳಿದುಬಂದು ಕಲ್ಲಿನ ಮೇಲೆ ಅವಳ ಪಕ್ಕ ಕುಳಿತು, ಕ್ಯಾಮೆರಾದ ಪುಟ್ಟ ಪರದೆಯನ್ನು ತೋರಿಸಿದ. ಮೊದಲ ಚಿತ್ರ. ಬೆಳಗಿನ ಬೂದು ಬೆಳಕು, ಇದೇ ಕಲ್ಲು, ಕಲ್ಲಿನ ಪಕ್ಕ ಚಿರತೆ. ಬಲಪಕ್ಕ ಕಾಣುತ್ತಿತ್ತು. ಅಲ್ಲಿ ಚಿಟ್ಟೆಯೂ ಇಲ್ಲ, ಗಿಟ್ಟೆಯೂ ಇಲ್ಲ. ಎರಡನೆಯದರಲ್ಲಿ ಅದು ಕಲ್ಲು ಸುತ್ತಿ ತಿರುಗಿತ್ತು. ಎಡ ಭುಜದ ಮೇಲೆ ಮುರಿದ ಉಂಗುರ. ಒಂದೇ ಚಿರತೆಯ ಎರಡು ಪಕ್ಕ, ಇನ್ನು ವಾದವೇ ಇಲ್ಲ. ಕರು ಎಳೆದವನು ಇವನು. ಅವಳ ಕೋಳಿ ತಿಂದವನೂ ಇವನೇ, ಟೈಲರನ ನಾಯಿಯನ್ನು ಕಚ್ಚಿಕೊಂಡು ಗೋಡೆ ಹಾರಿದವನೂ ಇವನೇ.

“ಇನ್ನೊಂದಿದೆ,” ಎಂದು ತಮ್ಮ ತಡೆದು ತಡೆದು ಗುಂಡಿ ಒತ್ತಿದ.

ಮೂರನೆಯ ಚಿತ್ರದಲ್ಲಿ ಅಕ್ಕ ಇದ್ದಳು. ಬಿಚ್ಚಿದ ಕೂದಲು, ಕೈಯಲ್ಲಿ ದೊಣ್ಣೆ. ಒಗೆಯುವ ಕಲ್ಲಿನ ಮೇಲೆ ತುದಿಗಾಲಲ್ಲಿ ನಿಂತು, ಕತ್ತು ಉದ್ದ ಮಾಡಿ, ಗೋಡೆಯಾಚೆ ಟೈಲರನ ಹಿತ್ತಿಲನ್ನು ಇಣುಕಿ ನೋಡುತ್ತಿದ್ದಳು. ಅವಳ ಬೆನ್ನ ಹಿಂದೆ, ಕೈ ಚಾಚಿದರೆ ಸಿಗುವಂಥ ಪೊದೆಯ ಬುಡದಲ್ಲಿ, ನೆಲಕ್ಕೆ ಹೊಟ್ಟೆ ಅಂಟಿಸಿಕೊಂಡು ಅದು ಮಲಗಿತ್ತು. ಕಿವಿ ಹಿಂದಕ್ಕೆ ಮಲಗಿದ್ದವು. ಕಣ್ಣು ಅವಳ ಮೇಲೆ.

“ಇಂಥವು ಎಷ್ಟಿವೆಯೋ?”

“ಬೇಡ ಬಿಡು ಅಕ್ಕ.”

ಅಕ್ಕನಿಗೆ ಹೆದರಿಕೆ ಆಯಿತು, ಆಮೇಲೆ ನಾಚಿಕೆ ಆಯಿತು. ನಾಚಿಕೆಯೇ ಹೆಚ್ಚು ಹೊತ್ತು ಉಳಿಯಿತು. ಇಡೀ ಊರನ್ನು ಅನುಮಾನಿಸಿದ್ದಳು, ಹಾಲಿನವನನ್ನು, ಟೈಲರನನ್ನು, ಈಗ ತಾನೇ ತಮ್ಮನನ್ನೂ. ಬೆನ್ನ ಹಿಂದೆ ನಿಜವಾಗಿ ಇದ್ದದ್ದರ ಸುಳಿವು ಮಾತ್ರ ಸಿಕ್ಕಿರಲಿಲ್ಲ. ಚಿಲಕಕ್ಕೆ ಎಣ್ಣೆ ಹಾಕಿ ಸದ್ದಿಲ್ಲದೆ ಬರುತ್ತಿದ್ದವಳು ಅವಳೇ. ಸದ್ದಾಗಿದ್ದರೆ ಅದು ಎಂದೋ ಎದ್ದು ಹೋಗುತ್ತಿತ್ತು. ಮನುಷ್ಯರ ದನಿ ಕೇಳಿದರೆ ದಾರಿ ಬಿಟ್ಟುಕೊಡುವುದೇ ಅದರ ಅಭ್ಯಾಸ. ಓಡಲು ಹೊತ್ತು ಸಿಗದೆ ಇದ್ದಲ್ಲೇ ನೆಲಕ್ಕಂಟಿ, ಇವಳು ಯಾವಾಗ ಒಳಗೆ ಹೋದಾಳೋ ಎಂದು ಕಾದಿತ್ತು. ಒಂದು ಸಲವೂ ಉಗುರು ಹೊರಗೆ ತೆಗೆದಿರಲಿಲ್ಲ.

“ತೋರಿಸು ಅಕ್ಕ,” ಎಂದ ತಮ್ಮ. “ಸಾಹೇಬ್ರಿಗೆ ಇದನ್ನ ತೋರಿಸು. ಚಿಟ್ಟೆ ಉಳೀತಾಳೆ. ನನ್ನ ಕೆಲಸ ಹೋದ್ರೆ ಹೋಗ್ಲಿ.”

“ನಿನ್ನ ಹೆಂಡತಿ, ಮಗಳು?”

“ಏನೋ ಮಾಡ್ತೀನಿ.”

ಏನೂ ಮಾಡಲಾರ. ಕಾಡು ತಿರುಗುವುದು ಬಿಟ್ಟರೆ ಅವನಿಗೆ ಇನ್ನೊಂದು ಕೆಲಸ ಬರುವುದಿಲ್ಲ, ಅದು ಅಕ್ಕನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಚಿತ್ರ ತೋರಿಸಿದರೆ ತಮ್ಮ ಬೀದಿಗೆ. ತೋರಿಸದಿದ್ದರೆ ಸಂಜೆ ಚಿಟ್ಟೆ ಬೋನಿಗೆ, ಮರಿಗಳು ಬಂಡೆಯ ಸಂದಿಯಲ್ಲೇ. ಅಕ್ಕ ಕ್ಯಾಮೆರಾವನ್ನು ಅವನ ಕೈಗೇ ಕೊಟ್ಟಳು.

“ಇದನ್ನ ತಗೊಂಡು ಹೋಗಿ ಅದರ ಜಾಗದಲ್ಲಿ ಕಟ್ಟಿ ಬಾ. ಇನ್ಮೇಲೆ ಕಾರ್ಡು ಖಾಲಿ ಇದ್ರೆ ಖಾಲೀನೇ ತಂದುಕೊಡು. ನಾನೇನೂ ಕೇಳೋದಿಲ್ಲ.”

“ನೀನಾ? ಕೇಳೋದಿಲ್ವಾ?”

“ಹೋಗೋ ಸಾಕು.”

ಕಚೇರಿಯ ಅಂಗಳದಲ್ಲಿ ಲಾರಿ ನಿಂತಿತ್ತು. ಅದರ ಮೇಲೆ ಕಬ್ಬಿಣದ ಬೋನು, ಬೋನಿನ ಪಕ್ಕ ಕಟ್ಟಿದ ಆಡು ಏನೂ ಅರಿಯದೆ ಸೊಪ್ಪು ಮೇಯುತ್ತಿತ್ತು. ಅಕ್ಕ ನೇರ ಸಾಹೇಬರ ಕೋಣೆಗೆ ಹೋದಳು. ದಾರಿಯುದ್ದಕ್ಕೂ ಸುಳ್ಳನ್ನು ಹೊಲಿದುಕೊಂಡು ಬಂದಿದ್ದಳು. ಅವರು ಹೀಗೆ ಕೇಳಿದರೆ ಹೀಗೆ ಹೇಳಬೇಕು, ಹಾಗೆ ಕೇಳಿದರೆ ಹಾಗೆ. ಸುಳ್ಳುಗಾರರ ಪಾಡು ಇಷ್ಟು ಕಷ್ಟದ್ದೆಂದು ಅವಳಿಗೆ ಅವತ್ತೇ ಗೊತ್ತಾದದ್ದು.

“ಸರ್, ಚಿಟ್ಟೆ ಪುಟದಲ್ಲಿ ತಪ್ಪಾಗಿದೆ. ಎಡಪಕ್ಕ ಅವಳದ್ದಲ್ಲ.”

ಸಾಹೇಬರು ಪೆನ್ನು ಕೆಳಗಿಟ್ಟರು. ಅಕ್ಕ ಎರಡು ಚಿತ್ರಗಳನ್ನೂ ಮೇಜಿನ ಮೇಲಿಟ್ಟು ಕೆಸರು ತೋರಿಸಿದಳು, ಧೂಳು ತೋರಿಸಿದಳು, ದಪ್ಪ ಕುತ್ತಿಗೆ ತೋರಿಸಿದಳು.

“ಹೇಗಾಯ್ತು ಇದು?”

“ಲಕೋಟೆಗಳನ್ನ ಬಿಚ್ಚಿ ಮೇಜಿನ ಮೇಲೆ ಹರಡಿದ್ದೆ ಸರ್. ಎರಡು ಕಡೆಯ ಕಾರ್ಡು ಬೆರೆಸಿಬಿಟ್ಟೆ. ಹೊತ್ತು ತಾಳೆ ಆಗಲಿಲ್ಲ, ಕ್ಯಾಮೆರಾ ಗಡಿಯಾರ ಕೆಟ್ಟಿರಬೇಕು ಅಂದ್ಕೊಂಡು ನಾನೇ ತಿದ್ದಿದೆ. ತಪ್ಪು ನನ್ನದು.”

ಈಗ ಕೇಳುತ್ತಾರೆ ಎಂದುಕೊಂಡಳು. ಬೆರೆತ ಇನ್ನೊಂದು ಲಕೋಟೆ ಯಾವುದು, ಅದರ ಜೋಡಿ ಕಾರ್ಡು ಏನಾಯಿತು, ತಮ್ಮ ಯಾಕೆ ಗಮನಿಸಲಿಲ್ಲ? ಅವಳಾಗಿದ್ದರೆ ಕೇಳುತ್ತಿದ್ದಳು. ಕುರ್ಚಿಯಲ್ಲಿ ಕೂರಿಸಿ, ಕಣ್ಣಲ್ಲಿ ಕಣ್ಣಿಟ್ಟು, ಈರುಳ್ಳಿ ಸುಲಿದ ಹಾಗೆ ಒಂದೊಂದೇ ಪದರ ಸುಲಿಯುತ್ತಿದ್ದಳು. ಸಾಹೇಬರು ಚಿತ್ರಗಳನ್ನು ನೋಡಿದರು, ಅವಳನ್ನು ನೋಡಿದರು, ತಲೆಯಾಡಿಸಿದರು.

“ನೀವು ಹೇಳಿದ ಮೇಲೆ ಮುಗೀತು ಅಕ್ಕ. ನಿಮ್ಮಂಥವರು ತಮ್ಮ ತಪ್ಪು ತಾವೇ ಬಂದು ಹೇಳಬೇಕಾದ್ರೆ ಅದರಲ್ಲಿ ನಾನು ಇನ್ನೇನು ಕೇಳೋದಿದೆ?”

ಸಾಹೇಬರು ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಇಷ್ಟು ವರ್ಷ ನಿಜ ಹೇಳಿದವರನ್ನೂ ನಂಬದವಳು, ಜೀವಮಾನದಲ್ಲಿ ಒಂದು ಸುಳ್ಳು ಹೇಳಿದರೆ ಈ ಮನುಷ್ಯ ಎರಡೂ ಕೈ ಚಾಚಿ ನಂಬಿಬಿಟ್ಟ. ಎಲ್ಲವನ್ನೂ ಹೇಳಿಬಿಡೋಣ ಅನ್ನಿಸಿತು. ಬಾಯಿಯವರೆಗೆ ಬಂದದ್ದನ್ನು ನುಂಗಿಕೊಂಡಳು.

“ಹಾಗಾದ್ರೆ ಈ ಎಡಪಕ್ಕದ್ದು ಯಾರು? ಎಲ್ಲಿ ಓಡಾಡುತ್ತೆ, ಏನಾದ್ರೂ ಸುಳಿವಿದೆಯಾ?”

ಒಗೆಯುವ ಕಲ್ಲು ಅಕ್ಕನ ಕಣ್ಣಮುಂದೆ ಬಂತು. ಪೊದೆಯ ಬುಡ, ಹಿಂದಕ್ಕೆ ಮಲಗಿದ ಕಿವಿ.

“ಗೊತ್ತಿಲ್ಲ ಸರ್. ಆ ಕಾವಲುಗಾರ ಕರು ಹಿಡಿದು ಎಳೀದೇ ಇದ್ದಿದ್ರೆ ಅವನ ತಂಟೆಗೆ ಅದು ಬರ್ತಿರಲಿಲ್ಲ, ಅಷ್ಟು ಗೊತ್ತು. ಕೊಟ್ಟಿಗೆಗೆ ಗಟ್ಟಿ ಬಾಗಿಲು ಹಾಕಿಸಿ.”

“ಹಾಕಿಸೋಣ. ಎಲ್ಲಿರುತ್ತೆ ಅಂತಲೇ ಗೊತ್ತಿಲ್ಲದ ಮೇಲೆ ಯಾವುದೋ ಸಿಕ್ಕಿದ್ದನ್ನ ಹಿಡಿಯೋದಕ್ಕಂತೂ ಆಗಲ್ಲ. ಲಾರಿಯಿಂದ ಬೋನು ಇಳಿಸೋಕೆ ಹೇಳ್ತೀನಿ.” ಸಾಹೇಬರು ಮುಜುಗರದಿಂದ ಚಿತ್ರಗಳನ್ನು ಜೋಡಿಸುತ್ತ ಹೇಳಿದರು. “ಬೇಜಾರು ಮಾಡ್ಕೋಬೇಡಿ ಅಕ್ಕ. ಇನ್ಮೇ‌ಲೆ ನೀವು ಹೊಂದಿಸಿದ್ದನ್ನ ಇನ್ನೊಬ್ಬರು ಒಂದ್ಸಲ ನೋಡ್ಲಿ.”

“ಆಗ್ಲಿ ಸರ್. ನೋಡಲೇಬೇಕು.”

ಹೊರಗೆ ಬಂದಾಗ ಆಡನ್ನು ಲಾರಿಯಿಂದ ಇಳಿಸುತ್ತಿದ್ದರು. ಅದು ಇಳಿಯಲೊಲ್ಲೆ ಎಂದು ಸೊಪ್ಪಿನ ಕಟ್ಟಿಗೆ ಬಾಯಿ ಹಾಕಿಕೊಂಡೇ ನಿಂತಿತ್ತು. ಅಕ್ಕ ತನ್ನ ಕೋಣೆಗೆ ಹೋಗಿ ಚಿಟ್ಟೆಯ ಪುಟದಿಂದ ಎಡಪಕ್ಕವನ್ನು ತೆಗೆದಳು. ಜಾಗ ಮತ್ತೆ ಖಾಲಿಯಾಯಿತು. ಅದು ಖಾಲಿಯಿರುವುದೇ ಚಂದ ಎಂದು ಮೊದಲ ಸಲ ಅನ್ನಿಸಿತು.

ಸಂಜೆ ಮನೆಗೆ ಬಂದು ಗೋಡೆಯ ಹತ್ತಿರ ನಿಂತಳು. ಇಣುಕಲಿಲ್ಲ, ಕರೆದಳು.

“ಟೈಲರಪ್ಪಾ, ನನ್ನ ಕೋಳಿ ಕದ್ದಿದ್ದು ನೀನಲ್ಲ. ತಪ್ಪಾಯ್ತು.”

ಯಂತ್ರ ನಿಂತಿತು. ಆ ಕಡೆಯಿಂದ ಎಚ್ಚರಿಕೆಯ ದನಿ ಬಂತು.

“ಮತ್ಯಾರು ಕದ್ದಿದ್ದು?”

“ಅದನ್ನ ಕೇಳಬೇಡ. ಇನ್ನೊಂದು ನಾಯಿ ತಂದ್ರೆ ಮನೆ ಒಳಗೇ ಕಟ್ಟು. ಮುಂಜಾನೆ ಹಿತ್ತಿಲಿಗೆ ಹೋಗೋದಾದ್ರೆ ಏನಾದ್ರೂ ಹಾಡು ಹೇಳ್ಕೊಂಡು ಹೋಗು.”

“ಹಾಡಾ?” ಟೈಲರನಿಗೆ ಈಗ ನಿಜವಾದ ಅನುಮಾನ ಶುರುವಾಯಿತು. ಈ ಹೆಂಗಸು ಇಷ್ಟು ಮೆತ್ತಗೆ ಮಾತಾಡಿದ್ದನ್ನು ಅವನು ಈ ಜನ್ಮದಲ್ಲಿ ಕೇಳಿರಲಿಲ್ಲ.

ಕತ್ತಲಾಗುವ ಮೊದಲೇ ತಮ್ಮ ಬಂದು ಕಲ್ಲಿನ ಹತ್ತಿರದ ಪೊದೆ ಸವರಿದ. ಉಳಿದ ಕೋಳಿಗಳಿಗೆ ತಂತಿಯ ಗೂಡು ಕಟ್ಟಿ ಬಾಗಿಲಿಗೆ ಕೊಂಡಿ ಹಾಕಿದ. ಹೊರಡುವಾಗ ಅವನು “ಅಕ್ಕ, ನನಗೋಸ್ಕರ...” ಎಂದು ಶುರುಮಾಡಿದ. ಅವಳು “ಪೈಪ್ ಸೋರ್ತಿದೆ, ನಾಳೆ ಬಾ” ಎಂದಳು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಅಕ್ಕ ಎದ್ದಳು. ಚಪ್ಪಲಿ ಮೆಟ್ಟಿಕೊಂಡು ಟಪಟಪ ಸದ್ದು ಮಾಡುತ್ತ ಅಡುಗೆಮನೆ ದಾಟಿದಳು. ದೊಣ್ಣೆ ಮೂಲೆಯಲ್ಲೇ ಇತ್ತು, ಅದನ್ನು ಮುಟ್ಟಲಿಲ್ಲ. ಬಕೆಟ್ಟಿಗೆ ಚೆಂಬಿನಿಂದ ಎರಡು ಸಲ ಕುಟ್ಟಿದಳು. ಹಿತ್ತಿಲ ಬಾಗಿಲ ಹಿಂದೆ ನಿಂತು, ಚಿಲಕದ ಮೇಲೆ ಕೈಯಿಟ್ಟು, ಜೋರಾಗಿ ಕೆಮ್ಮಿದಳು. ಹೊರಗೆ ಎಲ್ಲೋ ಒಣಗಿದ ಎಲೆ ಸರಕ್ಕೆಂದಿತೋ, ಇಲ್ಲವೋ. ಇನ್ನೂ ಸ್ವಲ್ಪ ಹೊತ್ತು ಕಾದಳು.

“ಬರ್ತಾ ಇದ್ದೀನಪ್ಪಾ,” ಎಂದು ಕೂಗಿ ಹೇಳಿ, ಬಾಗಿಲು ತೆರೆದಳು.